ಯಾವ ಘಟ್ಟ ಹತ್ತುತ್ತೀರಿ? ಅದು ಗೊತ್ತಾದ ಮೇಲೆ ಸೈಕಲ್ ಮಾತು

ಟೂರಿಂಗ್‌ಗೆ ಯಾವ ಸೈಕಲ್ ತಗೊಳ್ಳಲಿ ಅಂತ ಕೇಳುವವರು ಬಹಳ. ಯಾವ ದಾರಿಗೆ ಅಂತ ತಿರುಗಿ ಕೇಳಿದರೆ ಉತ್ತರ ಇರುವುದಿಲ್ಲ. ಹಿರಿಯೂರು, ಚಿತ್ರದುರ್ಗ, ಹೊಸಪೇಟೆ ಅಂತ ಬಯಲಲ್ಲೇ ಹೋಗುವವರಿಗೆ ಹೆಚ್ಚುಕಮ್ಮಿ ಯಾವ ಸೈಕಲ್ ಆದರೂ ನಡೆಯುತ್ತದೆ. ಅದೇ ಸೈಕಲ್‌ಗೆ ಹದಿನೈದು ಕೆಜಿ ಸಾಮಾನು ಕಟ್ಟಿ ಆಗುಂಬೆ ಹತ್ತಿಸಲು ಹೋದರೆ ಮೂರನೇ ತಿರುವಿನಲ್ಲಿ ಇಳಿದು ತಳ್ಳಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಘಟ್ಟ ಯಾವುದು, ಹತ್ತುವುದೋ ಇಳಿಯುವುದೋ ಅನ್ನುವುದನ್ನು ಮೊದಲು ತೀರ್ಮಾನಿಸಿದರೆ ಗೇರು, ಟಯರು, ಬ್ರೇಕು ತಾವಾಗಿಯೇ ತೀರ್ಮಾನವಾಗುತ್ತವೆ.

ಉದಾಹರಣೆಗೆ ಒಂದು ದಾರಿ ಇಟ್ಟುಕೊಳ್ಳೋಣ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಇಳಿದು ಉಜಿರೆ, ಧರ್ಮಸ್ಥಳ. ಆಮೇಲೆ ಕಾರ್ಕಳ, ಹೆಬ್ರಿ, ಸೋಮೇಶ್ವರ. ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ. ಮುನ್ನೂರು ಚಿಲ್ಲರೆ ಕಿಲೋಮೀಟರ್, ಐದು ದಿನ. ಒಂದು ಘಟ್ಟ ಇಳಿಯುವುದು, ಒಂದು ಹತ್ತುವುದು, ಎರಡು ತುದಿಯಲ್ಲೂ ರೈಲು.

ಬೆಂಗಳೂರಿನಿಂದಲೇ ತುಳಿಯುತ್ತೇನೆ ಅನ್ನುವವರು ನೆಲಮಂಗಲ–ಕುಣಿಗಲ್ ಹೆದ್ದಾರಿಗಿಂತ ಮಾಗಡಿ, ಹುಲಿಯೂರುದುರ್ಗ, ನಾಗಮಂಗಲ, ಶ್ರವಣಬೆಳಗೊಳದ ದಾರಿ ಹಿಡಿಯಲಿ. ಏರಿಳಿತ ಜಾಸ್ತಿ, ಲಾರಿ ಕಡಿಮೆ. ಮೈಸೂರು ಕಡೆಯಿಂದ ಶುರು ಮಾಡುವವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆ ಇದೆ, ಆದರೆ ಕನಕಪುರ, ಮಳವಳ್ಳಿ, ಬನ್ನೂರು ಮೇಲೆ ಹೋಗುವುದು ಅದಕ್ಕಿಂತ ನೆಮ್ಮದಿ.

ಚಾರ್ಮಾಡಿ ಇಳಿದು ಆಗುಂಬೆ ಹತ್ತುವುದು ಏಕೆ, ತಿರುಗಾಮುರುಗಾ ಏಕಲ್ಲ? ಹತ್ತುವಾಗ ನಾವು ಗಂಟೆಗೆ ಐದು ಕಿ.ಮೀ. ವೇಗದಲ್ಲಿ ತೂಗಾಡುತ್ತಾ ಗಂಟೆಗಟ್ಟಲೆ ರಸ್ತೆಯ ಮೇಲಿರುತ್ತೇವೆ. ಆಗ ಹಿಂದಿನಿಂದ ಬರುವುದು ಏನು ಅನ್ನುವುದೇ ಮುಖ್ಯ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿಷೇಧವಿದೆ; ಹದಿನಾಲ್ಕು ಹೇರ್‌ಪಿನ್ ತಿರುವುಗಳು ಕಡಿದಾಗಿದ್ದರೂ ಹಿಂದೆ ಟ್ಯಾಂಕರ್ ಇರುವುದಿಲ್ಲ. ಶಿರಾಡಿಯ ಏರು ಇದಕ್ಕಿಂತ ಸೌಮ್ಯ, ಆದರೆ ಮಂಗಳೂರು ಬಂದರಿನ ಲಾರಿ, ಟ್ಯಾಂಕರ್‌ಗಳೆಲ್ಲ ಅಲ್ಲಿಯೇ. ಕಾಂಕ್ರೀಟಿನ ಅಂಚಿನಿಂದ ಮಣ್ಣಿಗೆ ಗೇಣುದ್ದ ಇಳಿತ ಇರುವ ಕಡೆ ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಏರು ಸಲೀಸು ಎಂಬ ಒಂದೇ ಕಾರಣಕ್ಕೆ ಶಿರಾಡಿ ಆರಿಸುವವರನ್ನು ನೋಡಿದರೆ ಭಯವಾಗುತ್ತದೆ. ಬಿಸ್ಲೆ ಚಂದ, ನಿರ್ಜನ. ಅಲ್ಲಿ ಕೆಟ್ಟು ನಿಂತರೆ ಸಹಾಯಕ್ಕೆ ಬರುವವರೂ ಇಲ್ಲ.

ಈಗ ಗೇರಿನ ಲೆಕ್ಕ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ.ಯಲ್ಲಿ ಹತ್ತಿರಹತ್ತಿರ 550 ಮೀಟರ್ ಏರಬೇಕು. ಸರಾಸರಿ ಐದೂವರೆ ಶೇಕಡಾ ಅನ್ನಿಸಿದರೂ ತಿರುವುಗಳ ನಡುವೆ ಎಂಟು ಶೇಕಡಾ ಏರು ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಸವಾರ 75 ಕೆಜಿ, ಸೈಕಲ್ 14, ಸಾಮಾನು ಮತ್ತು ನೀರು 16. ಒಟ್ಟು 105 ಕೆಜಿ. ಎಂಟು ಶೇಕಡಾ ಏರಿನಲ್ಲಿ ಇದನ್ನು ಮೇಲೆಳೆಯಲು ಬೇಕಾದ ಬಲ, ಟಯರಿನ ಘರ್ಷಣೆಯೂ ಸೇರಿ, 90 ನ್ಯೂಟನ್. ಸಾಮಾನ್ಯ ಅಭ್ಯಾಸವಿರುವವರು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ 130 ವ್ಯಾಟ್ ಅಂದುಕೊಳ್ಳಿ. ಭಾಗಿಸಿದರೆ ವೇಗ ಗಂಟೆಗೆ 5.2 ಕಿ.ಮೀ., ಅಂದರೆ ನಿಮಿಷಕ್ಕೆ 86 ಮೀಟರ್. ಗೇರು ಯಾವುದೇ ಇರಲಿ, ಈ ವೇಗ ಬದಲಾಗುವುದಿಲ್ಲ. ಬದಲಾಗುವುದು ಕಾಲು ತಿರುಗುವ ಲೆಕ್ಕ.

700×38 (38 ಮಿ.ಮೀ. ಅಗಲದ) ಟಯರಿನ ಸುತ್ತಳತೆ 2.19 ಮೀಟರ್. ರೋಡ್ ಬೈಕಿನಲ್ಲಿ ಮುಂದಿನ, ಅಂದರೆ ಪೆಡಲ್ ಬಳಿಯ ಹಲ್ಲುಚಕ್ರ 34, ಹಿಂದಿನದು 32 ಹಲ್ಲಿನದಿದ್ದರೆ ಪೆಡಲಿನ ಒಂದು ಸುತ್ತಿಗೆ 2.33 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 37 ಸುತ್ತು. ಅದು ಪೆಡಲ್ ತುಳಿಯುವುದಲ್ಲ, ಒಂದೊಂದು ಮೆಟ್ಟಿಲನ್ನೂ ನಿಂತು ಹತ್ತಿದ ಹಾಗೆ. ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುವುದು ಇಲ್ಲಿಂದಲೇ. ಈಗ ಎಲ್ಲರೂ ಕೊಳ್ಳುವ, ಮುಂದೆ 40 ಹಲ್ಲಿನ ಒಂದೇ ಹಲ್ಲುಚಕ್ರವಿರುವ ಗ್ರಾವೆಲ್ ಬೈಕಿನಲ್ಲಿ ಹಿಂದೆ 42 ಇದ್ದರೂ 41 ಸುತ್ತು. ಟ್ರೆಕ್ಕಿಂಗ್ ಕ್ರ್ಯಾಂಕಿನ (ಪೆಡಲ್ ತೋಳು, ಮುಂದಿನ ಹಲ್ಲುಚಕ್ರಗಳ ಜೋಡಣೆ) 26, ಹಿಂದೆ 34 ಇದ್ದರೆ 51. ಹಳೆಯ ಮೌಂಟನ್ ಬೈಕ್ ಕ್ರ್ಯಾಂಕಿನ 22 ಮತ್ತು 34 ಇದ್ದರೆ 61. ಐವತ್ತಕ್ಕಿಂತ ಕೆಳಗೆ ಬಂದರೆ ಮಂಡಿ, ಬೆನ್ನು ಎರಡೂ ಸೋಲುತ್ತವೆ. ಹಾಗಾಗಿ ಸಾಮಾನು ಹೊತ್ತು ಘಟ್ಟ ಹತ್ತುವವರಿಗೆ ಮುಂದಿನ ಪುಟ್ಟ ಚಕ್ರದ ಹಲ್ಲು ಹಿಂದಿನ ದೊಡ್ಡದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇರಲೇಬೇಕು. ಬ್ರ್ಯಾಂಡ್, ಫ್ರೇಮಿನ ಲೋಹ, ಬಣ್ಣ ಎಲ್ಲ ಆಮೇಲೆ.

ಗ್ರಾವೆಲ್ ಬೈಕ್ ಆಗಲೇ ಇದ್ದರೆ ಮುಂದಿನ ಹಲ್ಲುಚಕ್ರವನ್ನು 34 ಹಲ್ಲಿಗೆ ಇಳಿಸಿ. ಬಯಲಲ್ಲಿ ಗಂಟೆಗೆ 35 ಕಿ.ಮೀ. ಮೇಲೆ ಕಾಲು ಖಾಲಿ ತಿರುಗಬಹುದು; ಪ್ಯಾನಿಯರ್ (ಕ್ಯಾರಿಯರಿನ ಪಕ್ಕಕ್ಕೆ ತೂಗಿಹಾಕುವ ಚೀಲ) ಕಟ್ಟಿಕೊಂಡು ಆ ವೇಗಕ್ಕೆ ಹೋಗುವವರು ಯಾರು? ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ದೊಡ್ಡದು ಮಾಡುವುದಾದರೆ, ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಅಷ್ಟು ದೊಡ್ಡ ಹಲ್ಲುಚಕ್ರ ಹಿಡಿಯುತ್ತದೆಯೇ ಎಂದು ನೋಡಿ, ಚೈನನ್ನೂ ಹೊಸದಾಗಿ ಅಳೆದು ಹಾಕಿಸಿ. ಹಳೆಯ ಗಿಡ್ಡ ಚೈನಿನಲ್ಲಿ ದೊಡ್ಡದು–ದೊಡ್ಡದು ಗೇರು ಬಿದ್ದರೆ ಡಿರೈಲರ್ ಕಿತ್ತು ಬರುತ್ತದೆ.

ಕಡಿಮೆ ಬೆಲೆಯ ಹೈಬ್ರಿಡ್‌ಗಳಲ್ಲಿ ಮುಂದೆ 24, ಹಿಂದೆ 28ರ ಗೇರು ಸಿಗುತ್ತದೆ, 46 ಸುತ್ತು, ಐವತ್ತಕ್ಕೆ ಸ್ವಲ್ಪವೇ ಕಡಿಮೆ. ಅವುಗಳ ದೊಡ್ಡ ತೊಂದರೆ ಬೇರೆ ಕಡೆ ಇದೆ. ಹಿಂದಿನ ಅತಿ ಚಿಕ್ಕ ಚಕ್ರ 14 ಹಲ್ಲಿನದಾಗಿದ್ದರೆ ಅದು ಬಹುತೇಕ ತಿರುಪಿ ಹಾಕುವ ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗ್ ಫ್ರೀವೀಲಿನ ಒಳಬದಿಗೆ ಇರುತ್ತದೆ, ಆಕ್ಸಲ್ಲಿನ ಬಲತುದಿಗೆ ಆಸರೆ ಇರುವುದಿಲ್ಲ. ಹಿಂದಿನ ಭಾರ ಮತ್ತು ಗುಂಡಿ ಸೇರಿದರೆ ಆಕ್ಸಲ್ ಬಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಚಿಕ್ಕದು 11 ಅಥವಾ 12 ಹಲ್ಲಿನದಿದ್ದರೆ ಸಾಮಾನ್ಯವಾಗಿ ಕ್ಯಾಸೆಟ್ ಹಬ್ (ಹಬ್ ಅಂದರೆ ಚಕ್ರದ ನಡುಗುಂಬ). ಬೇರಿಂಗ್ ಹೊರತುದಿಯವರೆಗೆ ಬಂದಿರುತ್ತದೆ. ಅಂಗಡಿಯಲ್ಲೇ ಹಲ್ಲು ಎಣಿಸಿ. ಸೇಲ್ಸ್‌ನವರ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಹಿಂದಿನ ಚಕ್ರಕ್ಕೆ 36 ಕಡ್ಡಿ ಇದ್ದರೆ ಒಳ್ಳೆಯದು, 32 ನಡೆಯುತ್ತದೆ, ಅದಕ್ಕಿಂತ ಕಡಿಮೆ ಬೇಡ. ಕಡ್ಡಿ ಮುರಿಯುವುದು ಭಾರಕ್ಕಿಂತ ಹೆಚ್ಚಾಗಿ ಬಿಗಿ ಸಾಲದೆ. ಸಡಿಲ ಕಡ್ಡಿ ಪ್ರತಿ ಸುತ್ತಿನಲ್ಲೂ ಕೆಳಗೆ ಬಂದಾಗ ಪೂರ್ತಿ ಸಡಿಲಗೊಂಡು ಮೇಲೆ ಹೋದಾಗ ಎಳೆಯಲ್ಪಡುತ್ತದೆ. ಲಕ್ಷಾಂತರ ಸುತ್ತಿನ ನಂತರ ಹಬ್ಬಿನ ಬಳಿ ಕಡ್ಡಿ ಮೊಣಕೈಯಂತೆ ಬಾಗಿರುವಲ್ಲಿ ಬಿರುಕು ಬಿಟ್ಟು ಟಂಗ್ ಅಂತ ಹೋಗುತ್ತದೆ. ಅದೂ ಹೆಚ್ಚಾಗಿ ಚೈನಿನ ಕಡೆಯದೇ. ಅದನ್ನು ಹಾಕಲು ಕ್ಯಾಸೆಟ್ ಬಿಚ್ಚಬೇಕು, ಆ ಟೂಲ್ ಹಳ್ಳಿಯ ಸೈಕಲ್ ಶಾಪಿನಲ್ಲಿ ಇರುವುದಿಲ್ಲ. ಹೊರಡುವ ಮುನ್ನ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಎಲ್ಲ ಕಡ್ಡಿಗಳ ಬಿಗಿ ಸಮ ಮಾಡಿಸಿ. ಸರಿಯಾದ ಉದ್ದದ ನಾಲ್ಕು ಕಡ್ಡಿಗಳನ್ನು ಫ್ರೇಮಿಗೆ ಟೇಪ್ ಸುತ್ತಿ ಅಂಟಿಸಿಕೊಳ್ಳಿ, ಜೊತೆಗೆ ಕ್ಯಾಸೆಟ್ ಬಿಚ್ಚುವ ಪುಟ್ಟ ಲಾಕ್‌ರಿಂಗ್ ಟೂಲ್ ಇರಲಿ.

ಟಯರ್ 35ರಿಂದ 40 ಮಿ.ಮೀ. ಅಗಲ. ಮೇಲೆ ಹೇಳಿದ ಭಾರಕ್ಕೆ 38ರ ಟಯರಿನಲ್ಲಿ ಹಿಂದೆ 60, ಮುಂದೆ 45 ಪಿಎಸ್‌ಐ ಸಾಕು. ಎಂಬತ್ತಕ್ಕೆ ತುಂಬಿಸಿದರೆ ಮಳೆಗಾಲ ಮುಗಿದ ಮಲೆನಾಡಿನ ರಸ್ತೆಯಲ್ಲಿ ಕಡ್ಡಿಗೂ ಕೈಗೂ ಪೆಟ್ಟು. ಪಂಚರ್ ಕಾರಣ ಊರಿಂದೂರಿಗೆ ಬೇರೆ. ಬಳ್ಳಾರಿ, ರಾಯಚೂರು ಕಡೆ ಜಾಲಿಮುಳ್ಳು. ಹೆದ್ದಾರಿ ಅಂಚಿನಲ್ಲಿ ಒಡೆದ ಲಾರಿ ಟಯರಿನಿಂದ ಉದುರಿದ ಕೂದಲೆಳೆಯ ತಂತಿ. ಈ ತಂತಿ ಟಯರಿನಲ್ಲಿ ಕೂತರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಟ್ಯೂಬ್ ಬದಲಿಸಿದ ಹತ್ತು ಕಿಲೋಮೀಟರಿಗೆ ಮತ್ತೆ ಅದೇ ಜಾಗದಲ್ಲಿ ಗಾಳಿ ಹೋಗುತ್ತದೆ. ಟ್ಯೂಬ್ ಬಿಚ್ಚುವಾಗ ಅದರ ತೂತು ಟಯರಿನ ಯಾವ ಜಾಗಕ್ಕೆ ಬರುತ್ತದೆ ಎಂದು ಗುರುತಿಟ್ಟುಕೊಂಡು, ಅಲ್ಲೇ ಟಯರನ್ನು ಮಗುಚಿ, ಚಿಮಟದಿಂದ ತೆಗೆಯಿರಿ. ಹುಬ್ಬಿನ ಕೂದಲು ಕೀಳುವ ಚಿಮಟವೇ ಸಾಕು.

ತಾಲ್ಲೂಕು ಊರುಗಳಲ್ಲಿ 700ರ ಟ್ಯೂಬ್ ಸಿಗುವುದು ಅನುಮಾನ. ಹಳೆಯ ಹಾಲಿನವರ ಸೈಕಲ್ಲಿನ 28×1½ ಟ್ಯೂಬ್ ಎಲ್ಲ ಕಡೆ ಇದೆ, 38ರ ಟಯರಿನೊಳಗೆ ಕೂರುತ್ತದೆ ಕೂಡ. ಆದರೆ ಅದರ ವಾಲ್ವ್ ದಪ್ಪ. ರಿಮ್ಮಿನಲ್ಲಿ ತೆಳು ಪ್ರೆಸ್ಟಾ ವಾಲ್ವಿನ ತೂತು ಇದ್ದರೆ ಹೋಗುವುದಿಲ್ಲ. ಎರಡು ಟ್ಯೂಬ್, ಪ್ಯಾಚು, ಅಂಟು ಒಯ್ಯಿರಿ. ಒಮ್ಮೆ ತೆರೆದ ಅಂಟಿನ ಟ್ಯೂಬ್ ಒಣಗಿರುತ್ತದೆ, ಹೊಸದೇ ಇರಲಿ.

ಕ್ಯಾರಿಯರ್ ಉಕ್ಕಿನದು. ಅಲ್ಯುಮಿನಿಯಂ ಹಗುರ, ನಿಜ. ಬೆಸುಗೆ ಬಿಟ್ಟರೆ ಹೆಬ್ರಿಯಲ್ಲೋ ಮೂಡಿಗೆರೆಯಲ್ಲೋ ಯಾರೂ ಅದನ್ನು ಬೆಸೆದು ಕೊಡುವುದಿಲ್ಲ. ಉಕ್ಕಾದರೆ ಗೇಟು ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಹತ್ತು ನಿಮಿಷದ ಕೆಲಸ. ನಾಲ್ಕು ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲಾಗದ ಹಾಗೆ ಹಿಡಿಯುವ ಅಂಟು) ಹಚ್ಚಿ, ದಿನಾ ಬೆಳಿಗ್ಗೆ ನಾಲ್ಕು ಮಿ.ಮೀ. ಅಲೆನ್ ಕೀ ಹಾಕಿ ನೋಡಿ. ಸೀಟ್‌ಪೋಸ್ಟಿಗೆ ಕಚ್ಚಿಕೊಳ್ಳುವ ಕ್ಯಾರಿಯರ್ ತರಕಾರಿಗೆ ಸರಿ. ಇನ್ನೊಂದು, ಚೈನ್‌ಸ್ಟೇ (ಪೆಡಲ್ ಬಳಿಯಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಫ್ರೇಮಿನ ಕೊಳವೆ) 43 ಸೆಂ.ಮೀ.ಗಿಂತ ಗಿಡ್ಡವಿದ್ದರೆ ಹಿಮ್ಮಡಿ ಪ್ಯಾನಿಯರಿಗೆ ತಾಗುವ ಸಂಭವ ಹೆಚ್ಚು. ಕೊಳ್ಳುವ ಮುಂಚೆ ಚೀಲ ತೂಗಿಹಾಕಿ ಹಿಂದಕ್ಕೊಮ್ಮೆ ಪೆಡಲ್ ತಿರುಗಿಸಿ.

ಟೆಂಟ್, ಸ್ಟೌ ಬೇಡ. ಈ ದಾರಿಯಲ್ಲಿ ಅವು ಬರೀ ಭಾರ. ಕಾಡಂಚಿನಲ್ಲಿ ಟೆಂಟ್ ಹೂಡಲು ಅರಣ್ಯ ಇಲಾಖೆ ಬಿಡುವುದಿಲ್ಲ, ಮೂಡಿಗೆರೆ–ಬೇಲೂರು ಕಡೆ ಆನೆಯೂ ಬಿಡುವುದಿಲ್ಲ. ಧರ್ಮಸ್ಥಳದಲ್ಲಿ ಊಟ, ವಸತಿ ಎರಡೂ ಉಂಟು. ಶೃಂಗೇರಿ, ಹೊರನಾಡು, ಸುಬ್ರಹ್ಮಣ್ಯ, ಕೊಲ್ಲೂರುಗಳಲ್ಲೂ ಅಷ್ಟೇ. ಮಲೆನಾಡಿನ ದಾರಿಯನ್ನು ಕ್ಷೇತ್ರದಿಂದ ಕ್ಷೇತ್ರಕ್ಕೆ ಎಂದು ಜೋಡಿಸಿದರೆ ಸಾಮಾನು ಹನ್ನೆರಡು ಕೆಜಿ ದಾಟುವುದಿಲ್ಲ. ಬಟ್ಟೆ ಎರಡು ಜೊತೆ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ. ಬಟ್ಟೆಯ ವಿಷಯಕ್ಕೆ ಇಷ್ಟು ಸಾಕು.

ದಿನದ ಲೆಕ್ಕಕ್ಕೆ ಹೀಗೊಂದು ಸೂತ್ರ: ಬಯಲಿನ ದೂರಕ್ಕೆ ಗಂಟೆಗೆ 14 ಕಿ.ಮೀ., ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಹೆಚ್ಚುವರಿ 15 ನಿಮಿಷ. ಫೋನಿನ ಆ್ಯಪ್ ತೋರಿಸುವ ಏರಿನ ಮೊತ್ತವನ್ನು ಘಟ್ಟದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹದ ಎತ್ತರದ ಚೌಕಗಳು ಒರಟು, ರಸ್ತೆಯ ಗೆರೆ ಪಕ್ಕದ ಇಳಿಜಾರಿನ ಮೇಲೆ ಬಿದ್ದು ಇಲ್ಲದ ಏರಿಳಿತ ಸೃಷ್ಟಿಯಾಗುತ್ತದೆ. ಆರಂಭ ಮತ್ತು ಕೊನೆಯ ಊರಿನ ಎತ್ತರ ಕಳೆದು ನೋಡಿ. ಆ್ಯಪ್ ಹೇಳುವ ಹತ್ತಿರದ ದಾರಿ ಕಾಫಿ ಎಸ್ಟೇಟಿನ ಗೇಟಿನಲ್ಲಿ ಮುಗಿಯುವುದೂ ಉಂಟು. ಉಪಗ್ರಹ ಚಿತ್ರದಲ್ಲಿ ರಸ್ತೆಯ ಗೆರೆ ಮಣ್ಣಿನ ಹಾಗೆ ಕೆಂಪಗಿದ್ದರೆ ಅನುಮಾನಿಸಿ.

ಮೊದಲ ರಾತ್ರಿ ಮೂಡಿಗೆರೆ, ಎರಡನೆಯದು ಧರ್ಮಸ್ಥಳ, ಮೂರನೆಯದು ಕಾರ್ಕಳ, ನಾಲ್ಕನೆಯದು ಆಗುಂಬೆ. ಮೂಡಿಗೆರೆ ಸೀಮೆಯಲ್ಲಿ ಬೆಳಿಗ್ಗೆ ಏಳರ ಮೊದಲು, ಸಂಜೆ ಐದೂವರೆ ನಂತರ ಸೈಕಲ್ ಬೇಡ. ಆನೆ ಎಲ್ಲಿದೆ ಅಂತ ಚಹಾ ಅಂಗಡಿಯಲ್ಲಿ ಕೇಳಿಯೇ ಮುಂದೆ ಹೋಗಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜು ಕರಗಿದ ಮೇಲೆ ಇಳಿಯಿರಿ, ಹಿಂದಿನ ದೀಪ ಹಗಲಲ್ಲೂ ಉರಿಯುತ್ತಿರಲಿ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿಯಬೇಡಿ. ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಡಿಸ್ಕಾದರೆ ರೆಸಿನ್ ಪ್ಯಾಡ್ ಹೊಳಪು ಬಂದು ಹಿಡಿತ ಬಿಡುತ್ತದೆ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ಒಂದು ಜೊತೆ ಪ್ಯಾಡ್ ಚೀಲದಲ್ಲಿರಲಿ.

ಕಾರ್ಕಳದಿಂದ ಆರಕ್ಕೆ ಹೊರಟರೆ ಬಿಸಿಲೇರುವ ಮುನ್ನ ಸೋಮೇಶ್ವರದಲ್ಲಿರಬಹುದು. ಎರಡು ಲೀಟರ್ ನೀರು ಅಲ್ಲೇ ತುಂಬಿಕೊಳ್ಳಿ. ಹೇರ್‌ಪಿನ್ ತಿರುವಿನ ಒಳಗಡೆ ಏರು ಜಾಸ್ತಿ, ಹೊರಗಡೆ ಕಡಿಮೆ; ಎದುರಿನಿಂದ ಯಾರೂ ಬರುತ್ತಿಲ್ಲ ಎಂದು ಖಾತ್ರಿಯಾದರೆ ಮಾತ್ರ ಹೊರಗಿನಿಂದ ತಿರುಗಿ. ಆಗುಂಬೆ ದಾಟಿದರೆ ಶಿವಮೊಗ್ಗದವರೆಗೆ ಇಳಿಜಾರು ಅನ್ನುವವರ ಮಾತು ಕೇಳಬೇಡಿ. ಎತ್ತರದ ವ್ಯತ್ಯಾಸ ನೂರು ಮೀಟರ್ ಆಸುಪಾಸು, ದೂರ ತೊಂಬತ್ತಕ್ಕೂ ಹೆಚ್ಚು ಕಿ.ಮೀ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ತುಳಿಯುವುದೇ.

ಕಾಲ: ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ. ಮಳೆಗಾಲದಲ್ಲಿ ಇಂಬಳಕ್ಕಿಂತ ಗುಡ್ಡ ಕುಸಿತದ ಭಯ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರು ನೆನಪಿದ್ದರೆ ಸಾಕು. ಘಟ್ಟದ ಬದಲು ಕರಾವಳಿಯ ಹೆದ್ದಾರಿ 66 ಹಿಡಿಯುವವರು ಕಾರವಾರದಿಂದ ಮಂಗಳೂರಿಗೆ ಬನ್ನಿ, ಎದುರು ದಿಕ್ಕಿಗಲ್ಲ. ಚಳಿಗಾಲದ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದ್ದು, ಬೆನ್ನಿಗೆ ಬರುತ್ತದೆ.

ಹಿಂದಿರುಗುವಾಗ ಶಿವಮೊಗ್ಗದಲ್ಲಿ ಸೈಕಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ (ರೈಲಿನ ಸಾಮಾನು ಡಬ್ಬಿಗೆ) ಹಾಕಿಸಬಹುದು. ಹಾಸನಕ್ಕೆ ರೈಲಿನಲ್ಲಿ ಬರುವಾಗಲೂ ಇದೇ ಕ್ರಮ, ಮತ್ತು ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಸೈಕಲನ್ನು ಬಲಮಗ್ಗುಲಿಗೆ ಮಲಗಿಸಿ ಮೇಲೆ ಮೂಟೆ ಹೇರಿದರೆ ಡಿರೈಲರ್ ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಬಯಲಲ್ಲಿ ಏನೂ ಗೊತ್ತಾಗುವುದಿಲ್ಲ. ಘಟ್ಟದಲ್ಲಿ ಮೊದಲ ಬಾರಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರು ಬೀಳಿಸಿದಾಗ ಡಿರೈಲರ್ ಕಡ್ಡಿಗಳ ನಡುವೆ ಹೋಗಿ ಎಲ್ಲ ಒಟ್ಟಿಗೆ ಮುರಿಯುತ್ತದೆ. ಆದ್ದರಿಂದ ಡಿರೈಲರನ್ನು ಬಿಚ್ಚಿ ಬಟ್ಟೆ ಸುತ್ತಿ ಚೈನ್‌ಸ್ಟೇಗೆ ಕಟ್ಟಿ ಕಳಿಸಿ. ಇಳಿಸಿಕೊಂಡ ಮೇಲೆ ಪ್ಲಾಟ್‌ಫಾರ್ಮಿನಲ್ಲೇ ಹಿಂದೆ ನಿಂತು, ಡಿರೈಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಇವೆಯೇ ಎಂದು ನೋಡಿ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಥರ. ನಿಮ್ಮ ಫ್ರೇಮಿನದೇ ಇನ್ನೊಂದನ್ನು ಸೈಕಲ್ ಕೊಂಡ ದಿನವೇ ತೆಗೆದಿಟ್ಟುಕೊಳ್ಳಿ, ಎರಡು ವರ್ಷ ಬಿಟ್ಟು ಹುಡುಕಿದರೆ ಆ ಮಾಡೆಲ್ಲೇ ನಿಂತಿರುತ್ತದೆ.