ಎಲ್ಲರೂ ಕೇಳುವ ಪ್ರಶ್ನೆ: ಅಲ್ಲಾಹನ ಮೇಲೆ ಭರವಸೆ ಇದ್ದ ಮೇಲೂ ಭಯ ಯಾಕೆ, ಅಳು ಯಾಕೆ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಶಾಲೆಯ ಸ್ಟಾಫ್‌ರೂಮಿನಲ್ಲಿ ಗೆಳತಿಯರು ಕೇಳುತ್ತಾರೆ: “ನೀವು ದಿನಾ ಕುರ್‌ಆನ್ ಓದ್ತೀರಲ್ವಾ, ಅದರಿಂದ ನಿಜಕ್ಕೂ ಮನಸ್ಸು ಗಟ್ಟಿಯಾಗುತ್ತಾ?” ನೆಂಟರು ಕೇಳುವ ಧಾಟಿ ಬೇರೆ: “ಇಷ್ಟೆಲ್ಲ ಓದ್ತೀಯ, ಆದ್ರೂ ಟೆನ್ಶನ್ ಮಾಡ್ಕೊಳ್ತೀಯಲ್ಲ. ತವಕ್ಕುಲ್ ಎಲ್ಲಿ ಹೋಯ್ತು?” ತವಕ್ಕುಲ್ ಅಂದರೆ ಅಲ್ಲಾಹನ ಮೇಲೆ ಭರವಸೆ ಇಟ್ಟು, ಫಲವನ್ನು ಅವನಿಗೇ ಬಿಡುವುದು. ಎರಡೂ ಪ್ರಶ್ನೆಗಳ ಹಿಂದೆ ಇರುವ ನಂಬಿಕೆ ಒಂದೇ. ಭರವಸೆ ಇರುವವರು ಹೆದರಬಾರದು, ಅಳಬಾರದು, ಅಲ್ಲಿ ಇಲ್ಲಿ ಓಡಾಡಬಾರದು. ಇದು ಎಲ್ಲಿಂದ ಬಂತೋ ಗೊತ್ತಿಲ್ಲ. ಕುರ್‌ಆನಿನಿಂದಂತೂ ಬಂದಿಲ್ಲ.

ನನ್ನ ಉತ್ತರ: ಹೌದು, ಮನಸ್ಸು ಗಟ್ಟಿಯಾಗುತ್ತದೆ. ಹೇಗೆ ಅಂತ ಕೇಳಿದರೆ ನಾನು ಕಥೆಗಳನ್ನೇ ಹೇಳಬೇಕು. ಯಾಕೆಂದರೆ ಕುರ್‌ಆನ್ ಕೂಡ ಹಾಗೇ ಹೇಳುತ್ತದೆ. ಸೂರಾ (ಅಧ್ಯಾಯ) ಹೂದ್‌ನ 120ನೇ ವಚನದಲ್ಲಿ ಅಲ್ಲಾಹನು ಪ್ರವಾದಿ ಮುಹಮ್ಮದರಿಗೆ (ಸ) ಹೇಳುವ ಮಾತಿನ ಸಾರ ಇದು: ಹಿಂದಿನ ಪ್ರವಾದಿಗಳ ಸುದ್ದಿಗಳನ್ನು ನಿನಗೆ ಹೇಳುತ್ತಿರುವುದು ನಿನ್ನ ಮನಸ್ಸನ್ನು ಗಟ್ಟಿ ಮಾಡುವುದಕ್ಕೆ. ಇನ್ನೊಂದು ಕಡೆ, 25ನೇ ಸೂರಾದಲ್ಲಿ, ಮಕ್ಕಾದ ವಿರೋಧಿಗಳು ಚುಚ್ಚುತ್ತಾರೆ: ಈ ಕುರ್‌ಆನ್ ಪೂರ್ತಿ ಒಂದೇ ಸಲ ಯಾಕೆ ಇಳಿಯಲಿಲ್ಲ? ಅಲ್ಲೂ ಉತ್ತರ ಅದೇ. ನಿನ್ನ ಮನಸ್ಸಿಗೆ ಬಲ ಬರಲಿ ಅಂತ ಸ್ವಲ್ಪ ಸ್ವಲ್ಪವಾಗಿ ಇಳಿಸಿದ್ದೇವೆ. ಪೂರ್ತಿ ಇಳಿಯಲು ಸುಮಾರು 23 ವರ್ಷ ಹಿಡಿಯಿತು. ಅಂದರೆ ಪ್ರವಾದಿಯವರ ಮನಸ್ಸಿಗೂ ಬಲ ಬೇಕಾಗಿತ್ತು, ಮತ್ತೆ ಮತ್ತೆ ಬೇಕಾಗಿತ್ತು. ನಮಗೆ ಒಂದು ರಮಝಾನಿನಲ್ಲಿ ಒಂದು ಖತಂ (ಪೂರ್ತಿ ಓದು) ಮಾಡಿ ಮುಗಿಸಿದ ಕೂಡಲೇ ಬಂದುಬಿಡಬೇಕು!

ನಮ್ಮದು ಮಂಗಳೂರಿನ ಆಚೆಯ ಒಂದು ಸಣ್ಣ ಪೇಟೆ. ಹೆಂಗಸರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕುರ್‌ಆನ್ ಕ್ಲಾಸ್ ಮಾಡುತ್ತೇವೆ. ಅರಬಿ ಓದಿ, ಕನ್ನಡ ಅನುವಾದ ಓದಿ, ಆಮೇಲೆ ಮಾತು. ಪ್ರವಾದಿ ಮೂಸಾರ (ಅ) ತಾಯಿಯ ಕಥೆಯನ್ನು ನಾನು ಚಿಕ್ಕಂದಿನಲ್ಲಿ ಮದ್ರಸದಲ್ಲೇ ಕೇಳಿದ್ದೆ. ಆದರೆ ಅದು ನನ್ನೊಳಗೆ ಇಳಿದಿದ್ದು ಈ ಕ್ಲಾಸಿನಲ್ಲಿ.

ಕಥೆ 28ನೇ ಸೂರಾ ಅಲ್ ಕಸಸ್‌ನಲ್ಲಿದೆ. ಈಜಿಪ್ಟಿನ ರಾಜ ಫಿರ್‌ಔನ್ ಇಸ್ರಾಯೀಲರ ಗಂಡುಮಕ್ಕಳನ್ನು ಕೊಲ್ಲಿಸುತ್ತಿದ್ದಾನೆ. ಇವಳಿಗೆ ಗಂಡುಮಗು ಹುಟ್ಟಿದೆ. ಅಲ್ಲಾಹನು ಅವಳ ಮನಸ್ಸಿಗೆ ತಿಳಿಸುತ್ತಾನೆ: ಮಗುವಿಗೆ ಹಾಲು ಕೊಡು. ಅದರ ಜೀವಕ್ಕೆ ಅಪಾಯ ಅನ್ನಿಸಿದಾಗ ನದಿಗೆ ಬಿಟ್ಟುಬಿಡು. ಹೆದರಬೇಡ, ದುಃಖಪಡಬೇಡ. ಅವನನ್ನು ನಿನಗೆ ಮರಳಿಸುತ್ತೇವೆ, ಅವನನ್ನು ಪ್ರವಾದಿಗಳಲ್ಲಿ ಒಬ್ಬನನ್ನಾಗಿ ಮಾಡುತ್ತೇವೆ. ಇಷ್ಟು ಸ್ಪಷ್ಟವಾದ ಮಾತು ನಮಗೆ ಯಾರಿಗಾದರೂ ಸಿಕ್ಕಿದೆಯಾ? ಸಿಕ್ಕರೆ ನಿಶ್ಚಿಂತೆಯಾಗಿ ಮಲಗಬಹುದು ಅನ್ನಿಸುತ್ತೆ ಅಲ್ವಾ? ಆದರೆ ಮಗುವನ್ನು ನೀರಿಗೆ ಬಿಟ್ಟ ಮೇಲೆ ಏನಾಯಿತು ಅಂತ ನೋಡಿ. ಮೂಸಾನ ತಾಯಿಯ ಹೃದಯ ಬರಿದಾಯಿತು ಅನ್ನುತ್ತದೆ ಕುರ್‌ಆನ್. ನಾವು ಅವಳ ಹೃದಯವನ್ನು ಬಿಗಿಹಿಡಿಯದೆ ಇದ್ದಿದ್ದರೆ ಅವಳು ಗುಟ್ಟನ್ನು ಹೊರಹಾಕಿಬಿಡುತ್ತಿದ್ದಳು ಅನ್ನುತ್ತದೆ. ಸಾಕ್ಷಾತ್ ಅಲ್ಲಾಹನ ಮಾತು ಕಿವಿಯಲ್ಲಿದೆ, ಆದರೂ ಹೃದಯ ಖಾಲಿ. ಇದಕ್ಕಾಗಿ ಅವಳನ್ನು ಯಾರೂ ಬೈಯುವುದಿಲ್ಲ. ನಿನ್ನ ಈಮಾನ್ (ನಂಬಿಕೆ) ಕಮ್ಮಿ ಅನ್ನುವುದಿಲ್ಲ.

ಆಮೇಲಿನ ವಚನದಲ್ಲಿ ಅವಳು ಮಗಳಿಗೆ ಹೇಳುತ್ತಾಳೆ: ಅವನ ಹಿಂದೆ ಹೋಗು. ಇಲ್ಲಿಗೆ ಬಂದಾಗ ನಮ್ಮ ಕ್ಲಾಸಿನ ಹಿರಿಯ ಹೆಂಗಸೊಬ್ಬರು ಅನುವಾದದ ಪುಸ್ತಕದ ಮೇಲೆ ಬೆರಳಿಟ್ಟು ತಡೆದರು. “ಸ್ವಲ್ಪ ನಿಲ್ಸು. ಮಗ ವಾಪಸ್ ಬರ್ತಾನೆ ಅಂತ ಅಲ್ಲಾಹನೇ ಹೇಳಿದ್ದಾನಲ್ವಾ? ಮತ್ತೆ ಮಗಳನ್ನ ಯಾಕೆ ಕಳಿಸಿದ್ಳು?” ಅವರ ಇಬ್ಬರು ಮಕ್ಕಳು ಗಲ್ಫಿನಲ್ಲಿದ್ದಾರೆ. ಬಜಪೆ ಏರ್‌ಪೋರ್ಟಿನ ಗಾಜಿನ ಬಾಗಿಲಿನವರೆಗೆ ಹೋಗಿ ಮಕ್ಕಳನ್ನು ಬಿಟ್ಟು ಬರುವುದು ನಮ್ಮ ಕಡೆಯ ಉಮ್ಮಂದಿರಿಗೆ ಹೊಸದಲ್ಲ. 2020ರ ಮಾರ್ಚಿನಲ್ಲಿ ವಿಮಾನಗಳೆಲ್ಲ ನಿಂತಾಗ ಅವರು ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಪ್ರಶ್ನೆ ಕೇಳಿದವರೂ ಅವರೇ, ಉತ್ತರ ಹೇಳಿದವರೂ ಅವರೇ: “ತಾಯಿ ಅಲ್ವಾ, ಕಳಿಸ್ದೆ ಇರ್ತಾಳಾ?”

ಮುಂದೆ ಓದಿದರೆ ಇನ್ನೂ ಚೆಂದ. ಆ ಹುಡುಗಿ ದೂರದಿಂದ, ಯಾರಿಗೂ ಗೊತ್ತಾಗದ ಹಾಗೆ ನೋಡುತ್ತಾ ಇರುತ್ತಾಳೆ. ಮಗುವನ್ನು ನದಿಯಿಂದ ಎತ್ತಿಕೊಂಡವರು ರಾಜನ ಮನೆಯವರೇ. ಅರಮನೆಯಲ್ಲಿ ಮಗು ಯಾವ ದಾದಿಯ ಹಾಲನ್ನೂ ಕುಡಿಯುವುದಿಲ್ಲ. ಆಗ ಇವಳು ಮುಂದೆ ಬಂದು, ಇವನನ್ನು ನಿಮಗಾಗಿ ಚೆನ್ನಾಗಿ ಸಾಕುವ ಒಂದು ಮನೆ ತೋರಿಸಲಾ ಅನ್ನುತ್ತಾಳೆ. ಮಗು ತಾಯಿಯ ಮಡಿಲಿಗೇ ವಾಪಸ್ ಬರುತ್ತದೆ. ಅಲ್ಲಾಹನು ಕೊಟ್ಟ ಮಾತು ನಡೆದದ್ದು ಆ ಹುಡುಗಿಯ ಕೈಯಿಂದ. ತಾಯಿ ತಡೆಯಲಾರದೆ ಕಳಿಸಿದ ಹುಡುಗಿಯೇ ದಾರಿಯಾದಳು. ಭರವಸೆ ಇದ್ದರೆ ಸುಮ್ನೆ ಕೂರಬೇಕು ಅನ್ನುವವರಿಗೆ ನಾನು ಈ ವಚನವನ್ನೇ ತೋರಿಸುತ್ತೇನೆ.

ಈಸಾರ (ಯೇಸುವಿನ) ತಾಯಿ ಮರ್ಯಮರ (ಅ) ಕಥೆಯಲ್ಲೂ ಇದೇ ಇದೆ. ಖರ್ಜೂರದ ಮರದ ಬುಡದಲ್ಲಿ ಒಬ್ಬಳೇ ಹೆರಿಗೆ ನೋವು ತಿನ್ನುತ್ತಾ, ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಅನ್ನುತ್ತಾರೆ ಅವರು. ಕುರ್‌ಆನ್ ಅದನ್ನು ಮುಚ್ಚಿಡದೆ ಬರೆದಿದೆ. ಹಣ್ಣು ತಾನಾಗಿ ಉದುರಬಹುದಿತ್ತು. ಆದರೆ ಮರದ ಕಾಂಡವನ್ನು ನಿನ್ನ ಕಡೆಗೆ ಅಲುಗಾಡಿಸು ಅಂತ ಅವರಿಗೇ ಹೇಳಲಾಗುತ್ತದೆ. ಹೆರಿಗೆಯ ಹೊತ್ತಿನ ಹೆಂಗಸು ಖರ್ಜೂರದ ಮರವನ್ನು ಎಷ್ಟು ಅಲುಗಾಡಿಸಿಯಾಳು?

ಇನ್ನು ಪ್ರವಾದಿ ಯಾಕೂಬ್ (ಅ), ಯೂಸುಫರ ಅಪ್ಪ. ನನಗೆ ಅತಿ ಹತ್ತಿರ ಅನ್ನಿಸುವವರು ಇವರೇ. ಸೂರಾ ಯೂಸುಫ್ ಬರೀ ಯೂಸುಫರ ಕಥೆ ಅಂತ ಅಂದುಕೊಂಡಿದ್ದವಳಿಗೆ, ನಿಧಾನವಾಗಿ ಓದಿದಾಗ ಅದು ಅಪ್ಪನ ಕಥೆಯಾಗಿಯೂ ಕಂಡಿತು. ಯೂಸುಫ್ ಕಳೆದುಹೋಗಿ ವರ್ಷಗಳಾಗಿವೆ. ಬರ ಬಂದಿದೆ. ಧಾನ್ಯಕ್ಕೆಂದು ಮಕ್ಕಳು ಎರಡನೇ ಸಲ ಈಜಿಪ್ಟಿಗೆ ಹೊರಟಿದ್ದಾರೆ, ಈ ಸಲ ಕಿರಿಯವನನ್ನೂ ಕರೆದುಕೊಂಡು. ಅಪ್ಪ ಮೊದಲು ಆಣೆ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ: ಮಕ್ಕಳೇ, ಎಲ್ಲರೂ ಒಂದೇ ಬಾಗಿಲಿನಿಂದ ಹೋಗಬೇಡಿ, ಬೇರೆ ಬೇರೆ ಬಾಗಿಲುಗಳಿಂದ ಹೋಗಿ. ದೃಷ್ಟಿ ತಾಗೀತು ಅನ್ನುವ ಭಯದಿಂದ ಹಾಗೆ ಹೇಳಿದರು ಅಂತ ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಅದೇ ಉಸಿರಿನಲ್ಲಿ ಮುಂದಿನ ಮಾತು: ಅಲ್ಲಾಹನ ತೀರ್ಮಾನದ ಎದುರು ನಾನು ನಿಮಗೆ ಏನೂ ಮಾಡಲಾರೆ, ನಾನು ಭರವಸೆ ಇಟ್ಟಿರುವುದು ಅವನ ಮೇಲೆಯೇ. ಎಚ್ಚರಿಕೆಯೂ ಭರವಸೆಯೂ ಒಂದೇ ವಚನದಲ್ಲಿ, ಒಂದೇ ಬಾಯಿಂದ.

ಆ ಎಚ್ಚರಿಕೆ ಫಲಿಸಿತಾ? ಇಲ್ಲ. ಕಿರಿಯವನೂ ಈಜಿಪ್ಟಿನಲ್ಲೇ ಉಳಿದ. ಆದರೆ ಅಪ್ಪ ಹಾಗೆ ಹೇಳಿದ್ದು ದಂಡ ಅಂತ ಕುರ್‌ಆನ್ ಹೇಳುವುದಿಲ್ಲ. ಅದು ಯಾಕೂಬರ ಮನಸ್ಸಿನಲ್ಲಿದ್ದ ಒಂದು ಆಸೆ, ಅದನ್ನು ಅವರು ತೀರಿಸಿಕೊಂಡರು ಅನ್ನುತ್ತದೆ. ಅವರನ್ನು ಜ್ಞಾನ ಉಳ್ಳವರು ಅಂತ ಹೊಗಳುತ್ತದೆ. ಈ ಜಾಗ ನನಗೆ ಬಹಳ ಇಷ್ಟ. ಮಗಳು ಹೊರಡುವಾಗ ಹೆಲ್ಮೆಟ್ ಹಾಕ್ಕೋ, ಮುಟ್ಟಿದ ಕೂಡಲೇ ಫೋನ್ ಮಾಡು ಅಂತ ಹಿಂದೆ ಬೀಳುವ ನನ್ನಂಥವಳಿಗೂ ಇಲ್ಲಿ ಒಂದು ಜಾಗ ಇದೆ.

ಸುದ್ದಿ ಕೇಳಿದ ಯಾಕೂಬರು ಮುಖ ತಿರುಗಿಸಿಕೊಂಡು, ಅಯ್ಯೋ ಯೂಸುಫ್ ಅಂತ ಕೊರಗುತ್ತಾರೆ. ದುಃಖದಿಂದ ಅವರ ಕಣ್ಣು ಬೆಳ್ಳಗಾಗುತ್ತದೆ, ಕಾಣಿಸದಾಗುತ್ತದೆ. ಮಕ್ಕಳಿಗೆ ಇದು ಹಿಡಿಸುವುದಿಲ್ಲ. ಹೀಗೇ ಯೂಸುಫ್ ಯೂಸುಫ್ ಅಂತ ಸವೆದು ಸಾಯ್ತೀಯ ಅಂತ ರೇಗುತ್ತಾರೆ. ಸಾವಿನ ಮನೆಗೆ ಬಂದು “ಅಳಬಾರದು, ಸಬ್ರ್ (ತಾಳ್ಮೆ) ಮಾಡು” ಅಂತ ಗದರುವವರನ್ನು ಕಂಡಾಗಲೆಲ್ಲ ನನಗೆ ಈ ಮಕ್ಕಳ ನೆನಪಾಗುತ್ತದೆ. ಪ್ರವಾದಿ ಮುಹಮ್ಮದರು (ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅತ್ತರು. ಕಣ್ಣು ಹನಿಯುತ್ತದೆ, ಹೃದಯ ನೋಯುತ್ತದೆ, ಆದರೆ ನಮ್ಮ ಒಡೆಯನಿಗೆ ಮೆಚ್ಚುಗೆಯಾಗುವುದನ್ನು ಮಾತ್ರ ಹೇಳುತ್ತೇವೆ ಅಂದರು. ಅಳಬೇಡಿ ಅನ್ನುವವರು ಅವರಿಗಿಂತ ದೊಡ್ಡ ಧರ್ಮಿಷ್ಠರಾ?

ಯಾಕೂಬರು ಮಕ್ಕಳಿಗೆ ಕೊಟ್ಟ ಉತ್ತರ ನನಗೆ ಬಾಯಿಪಾಠ. ನನ್ನ ಸಂಕಟವನ್ನೂ ದುಃಖವನ್ನೂ ನಾನು ಹೇಳಿಕೊಳ್ಳುವುದು ಅಲ್ಲಾಹನ ಹತ್ತಿರ ಮಾತ್ರ. ಇದನ್ನು ಹೇಳಿ ಅವರು ಮೂಲೆ ಹಿಡಿಯಲಿಲ್ಲ. ಹೋಗಿ, ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಅಂದರು. ಕಣ್ಣು ಕಾಣದ ಮುದುಕ, ಅಷ್ಟು ವರ್ಷದ ಹಿಂದೆ ಕಳೆದುಹೋದ ಮಗನನ್ನು ಹುಡುಕಲು ಜನ ಕಳಿಸುತ್ತಿದ್ದಾರೆ! ಕುರ್‌ಆನ್ ಓದಿ ನನಗೆ ಬಂದ ಬಲ ಎಂಥದ್ದು ಅಂತ ಕೇಳಿದರೆ ಇಂಥದ್ದು. ಭಯ ಹೋಗುವುದಿಲ್ಲ, ಕಣ್ಣೀರೂ ನಿಲ್ಲುವುದಿಲ್ಲ. ಆದರೆ ಅಳುತ್ತಲೇ ಎದ್ದು ಮಾಡಬೇಕಾದ್ದನ್ನು ಮಾಡುವುದಕ್ಕೆ ಆಗುತ್ತದೆ.

ಪ್ರವಾದಿಯವರ ಹಿಜ್‌ರಾ ಕೂಡ ಹಾಗೇ ನಡೆಯಿತು. 622ರಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಹೊರಟಾಗ ಅವರ ಆಪ್ತ ಸಂಗಾತಿ ಅಬೂಬಕರ್ ಮೊದಲೇ ಎರಡು ಒಂಟೆಗಳನ್ನು ಮೇಯಿಸಿ ಸಿದ್ಧ ಮಾಡಿ ಇಟ್ಟಿದ್ದರು. ದಾರಿ ತೋರಿಸಲು ಕೂಲಿಗೆ ಗೊತ್ತು ಮಾಡಿದ್ದು ಮುಸ್ಲಿಮನಲ್ಲದ ಒಬ್ಬ ಪಳಗಿದ ಮಾರ್ಗದರ್ಶಕನನ್ನು. ಮದೀನಾ ಇರುವುದು ಉತ್ತರಕ್ಕೆ, ಇವರು ಮೊದಲು ಹೋಗಿದ್ದು ದಕ್ಷಿಣದ ಸೌರ್ ಗುಹೆಗೆ. ಅಲ್ಲಿ ಮೂರು ರಾತ್ರಿ. ಅಬೂಬಕರರ ಮಗ ಕತ್ತಲಾದ ಮೇಲೆ ಊರಿನ ಸುದ್ದಿ ತಂದು ಮುಟ್ಟಿಸುತ್ತಿದ್ದ. ಇಷ್ಟೆಲ್ಲ ಮಾಡಿದ ಮೇಲೂ ಅವರನ್ನು ಹಿಡಿಯಲು ಹುಡುಕುತ್ತಿದ್ದ ಮಕ್ಕಾದ ವಿರೋಧಿಗಳು ಗುಹೆಯ ಬಾಯಿಗೇ ಬಂದು ನಿಂತರು. “ದುಃಖಪಡಬೇಡ, ಅಲ್ಲಾಹನು ನಮ್ಮ ಜೊತೆಗಿದ್ದಾನೆ” ಅಂತ ಪ್ರವಾದಿಯವರು ಅಬೂಬಕರರಿಗೆ ಹೇಳಿದ್ದು ಆಗ. ಎಲ್ಲ ಏರ್ಪಾಡು ಮಾಡಿ, ಇನ್ನು ಮಾಡಲು ಏನೂ ಉಳಿಯದಾಗ.

ಇದೇ ಕಾರಣಕ್ಕೆ, ಮನಸ್ಸಿನ ಕಾಯಿಲೆ ಇರುವವರಿಗೆ ಕುರ್‌ಆನ್ ಓದು ಸಾಕು, ಮಾತ್ರೆ ಬೇಡ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಚಿಕಿತ್ಸೆ ಮಾಡಿಸಿಕೊಳ್ಳಿ, ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲ, ಮುಪ್ಪು ಒಂದನ್ನು ಬಿಟ್ಟು, ಅಂತ ಪ್ರವಾದಿಯವರೇ ಹೇಳಿದ್ದಾರೆ. ಎರಡೂ ಮಾಡಿ. ಓದಿ, ಡಾಕ್ಟರ ಹತ್ತಿರವೂ ಹೋಗಿ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೂಸಾರ ತಾಯಿಗೆ ಮಗ ಸಿಕ್ಕಿದ, ಯಾಕೂಬರಿಗೂ ಸಿಕ್ಕಿದ. ಸಿಗದವರು ಏನು ಮಾಡಬೇಕು?

ಕುರ್‌ಆನಿನಲ್ಲಿ ಸಿಗದವರೂ ಇದ್ದಾರೆ. ಪ್ರವಾದಿ ನೂಹ್ (ಅ) ಮಹಾ ಪ್ರವಾಹದ ಮಧ್ಯೆ ಮಗನನ್ನು ಕೂಗುತ್ತಾರೆ: ಮಗೂ, ನಮ್ಮ ಜೊತೆ ಹಡಗು ಹತ್ತಿಕೋ. ಬೆಟ್ಟ ಹತ್ತಿ ಉಳಿದುಕೊಳ್ತೇನೆ ಅನ್ನುತ್ತಾನೆ ಅವನು. ಇಬ್ಬರ ನಡುವೆ ಅಲೆ ಬರುತ್ತದೆ, ಮಗ ಮುಳುಗುತ್ತಾನೆ. ನನ್ನ ಮಗ ನನ್ನ ಮನೆಯವನಲ್ಲವಾ, ನಿನ್ನ ಮಾತು ಸತ್ಯವಲ್ಲವಾ ಅಂತ ನೂಹ್ ಅಲ್ಲಾಹನನ್ನು ಕೇಳುತ್ತಾರೆ. ಇಲ್ಲ ಅನ್ನುವ ಉತ್ತರ ಬರುತ್ತದೆ, ಗೊತ್ತಿಲ್ಲದ್ದನ್ನು ಕೇಳಬೇಡ ಅನ್ನುವ ಎಚ್ಚರಿಕೆಯೂ ಬರುತ್ತದೆ. ನೂಹ್ ಕ್ಷಮೆ ಕೇಳುತ್ತಾರೆ. ಇದಿರುವುದು ಸೂರಾ ಹೂದ್‌ನಲ್ಲಿ. ಈ ಸುದ್ದಿಗಳಿಂದ ನಿನ್ನ ಮನಸ್ಸನ್ನು ಗಟ್ಟಿ ಮಾಡುತ್ತೇವೆ ಅಂತ ಹೇಳಿದ್ದೂ ಅದೇ ಸೂರಾದಲ್ಲಿ. ಮಗ ಮುಳುಗಿದ ಕಥೆಯೂ ಮನಸ್ಸು ಗಟ್ಟಿ ಮಾಡುವ ಸುದ್ದಿಗಳ ಪಟ್ಟಿಯಲ್ಲಿ ಇದೆ ಅಂತಾಯಿತು. ಕೇಳಿದ್ದು ಸಿಕ್ಕೇ ಸಿಗುತ್ತದೆ ಅನ್ನುವ ಲೆಕ್ಕದಲ್ಲಿ ಓದುವವರಿಗೆ ಈ ಪುಟ ಕಷ್ಟ. ನನಗೂ ಇದು ಪೂರ್ತಿ ಬಗೆಹರಿದಿಲ್ಲ. ಆದರೆ ಮಗನನ್ನು ಕಳೆದುಕೊಂಡ ಒಬ್ಬ ಅಪ್ಪ ಪ್ರವಾದಿಯೂ ಆಗಿದ್ದರು, ಆ ದಿನವೂ ಅಲ್ಲಾಹನ ಜೊತೆ ಮಾತು ಬಿಡಲಿಲ್ಲ, ಹಡಗಿನಲ್ಲಿದ್ದ ಉಳಿದವರನ್ನು ದಡಕ್ಕೆ ಇಳಿಸಿದರು. ಇಷ್ಟು ಗೊತ್ತಿರುವುದೇ ನನಗೆ ಎಷ್ಟೋ ರಾತ್ರಿ ಉಪಯೋಗಕ್ಕೆ ಬಂದಿದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಸೂರಾ ಯೂಸುಫ್‌ನಿಂದ ಮಾಡಿ. 111 ವಚನ, ಮೊದಲಿಂದ ಕೊನೆಯವರೆಗೆ ಬಹುಪಾಲು ಒಂದೇ ಕಥೆ. ಆಮೇಲೆ ಅಲ್ ಕಸಸ್, ಆಮೇಲೆ ಹೂದ್. ಗಡಿಬಿಡಿ ಬೇಡ. ಪ್ರವಾದಿಯವರು ಒಮ್ಮೆ ಇಡೀ ರಾತ್ರಿ ಒಂದೇ ವಚನವನ್ನು ಮತ್ತೆ ಮತ್ತೆ ಓದುತ್ತಾ ನಿಂತಿದ್ದರು ಅಂತ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದೆ. ಹಾಗಾಗಿ ದಿನಕ್ಕೆ ಅರ್ಧ ಪುಟ ಆದರೂ ಯಾರೂ ಕೇಳುವುದಿಲ್ಲ. ಓದುವಾಗ ಪ್ರತಿ ಮಾತಿಗೂ, ಇದನ್ನು ಹೇಳುವಾಗ ಇವರು ಏನು ಮಾಡುತ್ತಾ ಇದ್ದರು ಅಂತ ಕೇಳಿಕೊಳ್ಳಿ. ಅರ್ಥವಾಗದ ಜಾಗದಲ್ಲಿ ಗುರುತು ಹಾಕಿಟ್ಟು ಬಲ್ಲವರನ್ನು ಕೇಳಿ. ಕನ್ನಡ ಅನುವಾದಗಳು ಒಂದಕ್ಕಿಂತ ಜಾಸ್ತಿ ಇವೆ. ಕೊಳ್ಳುವಾಗ ದಪ್ಪ ಅಕ್ಷರದ್ದನ್ನೇ ನೋಡಿ ತಗೊಳ್ಳಿ, ಇಲ್ಲದಿದ್ದರೆ ಅಡಿಟಿಪ್ಪಣಿ ಓದಲು ಕನ್ನಡಕ ಹುಡುಕುವುದೇ ಕೆಲಸ ಆಗುತ್ತದೆ.