ಮಂಗನ ಕಾಯಿಲೆಯ ಸಂಶೋಧನಾ ನಕ್ಷೆ: ಐದನೆಯ ತಿಂಗಳ ಕೆಲಸ

ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರೆಲ್ಲ ಮಂಗನ ಕಾಯಿಲೆ ಎಂದೇ ಕರೆಯುವ ಜ್ವರದ ಬಗ್ಗೆ 1957ರಿಂದ ಈಚೆಗೆ ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಏನು ಬರೆದಿದ್ದಾರೆ ಎಂಬುದನ್ನು ಒಂದು ಪಟ್ಟಿಗೂ ಒಂದು ನಕ್ಷೆಗೂ ಇಳಿಸಬೇಕೆಂದು ಮಳೆಗಾಲದ ಕೊನೆಗೆ ಕೈಗೆತ್ತಿಕೊಂಡ ಕೆಲಸ ಐದನೆಯ ತಿಂಗಳಿಗೆ ಬಂದಿದೆ. ವೈದ್ಯಕೀಯ ಲೇಖನಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ಸಿಗುವ ಲೇಖನಗಳ ವಿವರಗಳನ್ನು ಇಳಿಸಿಕೊಂಡು ವರ್ಷ, ಸಂಸ್ಥೆ, ವಿಷಯಗಳ ಪ್ರಕಾರ ವಿಂಗಡಿಸುವ ಹಂತ ಮುಗಿದಿದೆ. ಈ ತಿಂಗಳಿಡೀ ಹೋದದ್ದು ಊರುಗಳನ್ನು ಅವುಗಳ ಜಾಗಕ್ಕೆ ಮರಳಿಸುವುದರಲ್ಲಿ.

ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಸ್ಥಳನಾಮಗಳನ್ನು ಕೊಟ್ಟ ಕೂಡಲೇ ಮೈಸೂರು ನಗರದ ಮೇಲೆ ಚುಕ್ಕಿಗಳ ಗುಂಪೊಂದು ಬಂದು ಕೂತಿತು. ಹಳೆಯ ಲೇಖನಗಳಲ್ಲಿ ಇದ್ದದ್ದು ಮೈಸೂರು ರಾಜ್ಯ. 1973ರಲ್ಲಿ ಕರ್ನಾಟಕ ಎಂಬ ಹೆಸರು ಬರುವವರೆಗಿನ ಬರಹಗಳೆಲ್ಲ ಹಾಗೆಯೇ ಇವೆ. ಹೀಗಾಗಿ ಸೊರಬದ ಕಾಡಿನಲ್ಲಿ ಸತ್ತ ಮುಸ್ಯಗಳು ನನ್ನ ನಕ್ಷೆಯಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿದ್ದವು. ನಮ್ಮ ಜಿಲ್ಲೆ ‘ಉತ್ತರ ಕೆನರಾ’ ಎಂದಿದ್ದಲ್ಲಿ ಚುಕ್ಕಿಯೇ ಬೀಳಲಿಲ್ಲ, ಸಿದ್ದಾಪುರ ಕೊಡಗಿಗೆ ಹೋಯಿತು, ಇಂಗ್ಲಿಷಿನಲ್ಲಿ ಒಂದು ‘ಎನ್’ ಇರುವ ಹೊನ್ನಾವರವೂ ಎರಡು ಇರುವ ಹೊನ್ನಾವರವೂ ಬೇರೆ ಬೇರೆ ಊರುಗಳಾದವು. ಪ್ರತಿಯೊಂದನ್ನೂ ಕೈಯಿಂದಲೇ ತಿದ್ದಬೇಕಾಯಿತು.

ತಿದ್ದುತ್ತಿರುವಾಗಲೇ ಇನ್ನೂ ದೊಡ್ಡ ಲೋಪ ಕಣ್ಣಿಗೆ ಬಿತ್ತು. ಇಂಥ ನಕ್ಷೆಗಳು ಸಾಮಾನ್ಯವಾಗಿ ಲೇಖಕರ ವಿಳಾಸವನ್ನೇ ಸಂಶೋಧನೆಯ ಸ್ಥಳವೆಂದು ಹಿಡಿಯುತ್ತವೆ. ಆ ಲೆಕ್ಕದಲ್ಲಿ ಈ ಕಾಯಿಲೆ ಪುಣೆಯದು; ಸ್ವಲ್ಪ ಮಟ್ಟಿಗೆ ಅಮೆರಿಕದ ಗ್ಯಾಲ್ವೆಸ್ಟನ್ ಮತ್ತು ಹ್ಯಾಮಿಲ್ಟನ್‌ನದೂ ಹೌದು, ಏಕೆಂದರೆ ಈ ವೈರಾಣುವನ್ನು ಇಟ್ಟುಕೊಂಡು ಪ್ರಯೋಗ ನಡೆಸಲು ಅತಿ ಭದ್ರತೆಯ ಪ್ರಯೋಗಾಲಯ ಬೇಕು, ಅಂಥವು ಅಲ್ಲಿವೆ. ಆದರೆ ಈ ಕಾಯಿಲೆಯನ್ನು ಹರಡುವ ಉಣುಗುಗಳನ್ನು ಹಿಡಿದದ್ದು ಎಲ್ಲಿ? ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು, ಅದಕ್ಕೆ ಹತ್ತಿದ ಉಣುಗುಗಳನ್ನು ಒಂದೊಂದಾಗಿ ಬಿಡಿಸಿ ಸೀಸೆಗೆ ಹಾಕಿದ ಜಾಗ ಲೇಖನದ ಒಳಪುಟದ ಕೋಷ್ಟಕದಲ್ಲಷ್ಟೇ ಇರುತ್ತದೆ. ಆದ್ದರಿಂದ ‘ಬರೆದ ಊರು’, ‘ರಕ್ತ ಅಥವಾ ಉಣುಗು ತೆಗೆದ ಊರು’ ಎಂದು ಎರಡು ಕಲಮುಗಳನ್ನು ಮಾಡಿದ್ದೇನೆ. ಈ ಯೋಜನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಎರಡರ ನಡುವಿನ ಅಂತರವೇ.

ಕಾಲದ ಅಕ್ಷದಲ್ಲಿ ಜೋಡಿಸಿದಾಗ ಕಾಣುವುದು ಎರಡು ದಿಬ್ಬ, ನಡುವೆ ಉದ್ದನೆಯ ತಗ್ಗು. 1957ರಲ್ಲಿ ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದಾರೆಂಬ ಸುದ್ದಿ ಬಂದಾಗ ತಜ್ಞರು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಏಷ್ಯಾಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲವಾದ್ದರಿಂದ ಆತಂಕ ಅಂತರರಾಷ್ಟ್ರೀಯ ಮಟ್ಟದ್ದಾಗಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆಯುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡ ಬಂದು ನೋಡಿದಾಗ ಸಿಕ್ಕಿದ್ದು ರಷ್ಯಾದ ವಸಂತ–ಬೇಸಿಗೆ ಮಿದುಳು ಜ್ವರದ ಸಂಬಂಧಿಯಾದ ಹೊಸ ವೈರಾಣು. ಸೈಬೀರಿಯಾದ ನಂಟು ಮಲೆನಾಡಿಗೆ ಹೇಗೆ ಬಂತು, ವಲಸೆ ಹಕ್ಕಿಗಳು ತಂದವೆ ಎಂಬ ಪ್ರಶ್ನೆ ಎದ್ದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಆರಂಭಿಸಿದ್ದು ಈ ಜಾಡಿನಲ್ಲೇ. ರಷ್ಯಾದ ಕಾಯಿಲೆಗೆಂದು ಮಾಡಿದ ಲಸಿಕೆಯನ್ನೇ ಇಲ್ಲಿಯ ಜನರಿಗೂ ಕೊಟ್ಟು ನೋಡಿದರು. ಅದು ರಕ್ಷಣೆ ಕೊಡಲಿಲ್ಲ.

1967ರಲ್ಲಿ ರಾಕ್‌ಫೆಲರ್ ನೆರವು ನಿಂತಿತು. ಮುಂದಿನ ದಶಕಗಳಲ್ಲಿ ಲೇಖನಗಳು ತೆಳುವಾದವು, ಆದರೆ ಕಾಯಿಲೆ ಅದೇ ಅವಧಿಯಲ್ಲಿ ಶಿವಮೊಗ್ಗದ ಗಡಿ ದಾಟಿ ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರಿಗೆ ಹಬ್ಬಿತು. ನಮ್ಮ ಜನ ಜ್ವರದಲ್ಲಿ ಬಿದ್ದಿದ್ದ ವರ್ಷಗಳೇ ಪಟ್ಟಿಯಲ್ಲಿ ಬಹುತೇಕ ಖಾಲಿ ಇರುವುದನ್ನು ನೋಡುವಾಗ ನನಗೆ ನೋವಾಗುತ್ತದೆ. ತಗ್ಗಿನೊಳಗಿನ ಒಂದು ಸಣ್ಣ ಏರಿಗೆ ಕಾರಣ ಸೌದಿ ಅರೇಬಿಯ: 1990ರ ದಶಕದಲ್ಲಿ ಅಲ್ಲಿ ಸಿಕ್ಕ ಅಲ್ಖುರ್ಮಾ ವೈರಾಣು ನಮ್ಮದರ ಹತ್ತಿರದ ದಾಯಾದಿ. ಎರಡನೆಯ ದಿಬ್ಬ ಏಳುವುದು 2012ರಿಂದ, ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಯಿಲೆ ಕಾಣಿಸಿಕೊಂಡ ಮೇಲೆ. ಕರ್ನಾಟಕದಲ್ಲಿ 2005ರಿಂದ 2010ರವರೆಗೆ, ಮುಂದೆ ಈ ಕಾಯಿಲೆಗೆಂದೇ ಮಾಡಿದ ಲಸಿಕೆಯ ಎರಡು ಡೋಸ್ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ ಸುಮಾರು 83 ಶೇಕಡಾ ಪರಿಣಾಮ ತೋರಿತೆಂಬ ಲೇಖನ ಪ್ರಕಟವಾದದ್ದೂ 2013ರಲ್ಲೇ.

ಸಿದ್ದಾಪುರದ ಕಡೆಯ ನನ್ನ ಅತ್ತಿಗೆಗೆ ಹಿಂದೊಮ್ಮೆ ಈ ಜ್ವರ ಬಂದು ಹೋಗಿತ್ತು. ಪಟ್ಟಿಯನ್ನು ಓದಿ ಹೇಳಿದಾಗ ಅವರು ಕೇಳಿದ್ದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಬೆಟ್ಟಕ್ಕೆ ಹೋಗದೆ ಕೊಟ್ಟಿಗೆ ನಡೆಯುವುದಿಲ್ಲ ಎಂಬುದನ್ನು ಇವರಲ್ಲಿ ಯಾರಾದರೂ ಬರೆದಿದ್ದಾರೆಯೆ ಎಂದು. ಮರುದಿನವೇ ‘ಕಾಡಿಗೆ ಹೋದ ಕೆಲಸ’ ಎಂಬ ಮೂರನೆಯ ಕಲಮು ಸೇರಿಸಿದೆ. ಸೊಪ್ಪು, ಕಟ್ಟಿಗೆ, ದರಕು, ದನ ಮೇಯಿಸುವುದು, ಹೀಗೆ ಲೇಖನ ಏನನ್ನು ಹೆಸರಿಸುತ್ತದೋ ಅದನ್ನು ಬರೆಯುತ್ತೇನೆ. ಜೀವನೋಪಾಯವನ್ನೂ ಕಾಡಿನ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳು ಎರಡನೆಯ ದಿಬ್ಬದಲ್ಲಿ, ಅದರಲ್ಲೂ 2018ರ ಈಚೆಗೆ ಸಿಗುತ್ತಿವೆ. ಪ್ರಯೋಗಾಲಯದ ಲೇಖನಗಳ ಮುಂದೆ ಆ ಮನೆ ಖಾಲಿಯೇ ಉಳಿಯುತ್ತಿದೆ.

ಸದ್ಯ 1957ರಿಂದ 1967ರವರೆಗಿನ ಭಾಗಕ್ಕೆ ಮೂರೂ ಕಲಮುಗಳನ್ನು ತುಂಬಿದ್ದೇನೆ. ಇನ್ನು ತಗ್ಗಿನ ಭಾಗಕ್ಕೆ ಇಳಿಯಬೇಕು. ಹೊನ್ನಾವರ, ಸಿದ್ದಾಪುರಗಳ ಹೆಸರನ್ನು ಬಗೆಬಗೆಯ ಕಾಗುಣಿತದಲ್ಲಿ ಹುಡುಕುವ ಕೆಲಸ ಅಲ್ಲಿಂದಲೇ ಶುರು.