ಇವತ್ತು ರಾತ್ರಿ ಆಲೆಮನೆ

"ಇವತ್ತು ರಾತ್ರಿ ಆಲೆಮನೆ ಇದ್ದು, ಬನ್ನಿ." ಬೆಳಗ್ಗೆ ಎಂಟು ಗಂಟೆಗೆ ಮಾವ ಫೋನ್ ಹಿಡಿದು ಒಂದಾದ ಮೇಲೊಂದು ಮನೆಗೆ ಇಷ್ಟೇ ಹೇಳುತ್ತಿದ್ದರು. ಹದಿನೈದು ಮನೆಯವರೆಗೆ ನಾನು ಲೆಕ್ಕ ಇಟ್ಟೆ. ಆಮೇಲೆ ಬಿಟ್ಟೆ.

ಅದು 2019ರ ಫೆಬ್ರುವರಿ. ಮದುವೆಯಾಗಿ ಉತ್ತರ ಕನ್ನಡದ ಸಿದ್ದಾಪುರದ ಹತ್ತಿರದ ಈ ಊರಿಗೆ ಬಂದು ಒಂಬತ್ತು ತಿಂಗಳಾಗಿತ್ತು. ನನ್ನ ತವರು ಹಾಸನ. ನಮ್ಮ ಮನೆಯಲ್ಲಿ ನಾಲ್ಕು ಜನ ಊಟಕ್ಕೆ ಬರುತ್ತಾರೆ ಅಂದರೂ ಅಮ್ಮ ವಾರದ ಮೊದಲೇ ಪಟ್ಟಿ ಬರೆಯುತ್ತಾರೆ. ಇಲ್ಲಿ ನಲವತ್ತು ಜನ, ಅದೂ ಇವತ್ತೇ ರಾತ್ರಿ! ಏನು ಅಡುಗೆ ಮಾಡೋಣ ಅಂತ ಅತ್ತೆಯನ್ನು ಕೇಳಿದೆ. "ಎಂತ ಮಾಡದೂ ಬ್ಯಾಡ ತಂಗಿ. ಕಬ್ಬಿನ ಹಾಲು ಇದ್ದು. ಮಂಡಕ್ಕಿ ಕಲಸಿರೆ ಆತು" ಅಂದರು.

ಹೀಗೆ ಹಠಾತ್ತಾಗಿ ಕರೆಯುವುದಕ್ಕೆ ಕಾರಣ ಇದೆ. ಕಬ್ಬು ಅರೆಯುವ ಗಾಣ ನಮ್ಮೊಬ್ಬರದಲ್ಲ. ಸಂಕ್ರಾಂತಿ ಕಳೆದ ಮೇಲೆ ಅದು ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ಹೋಗುತ್ತಾ ಇರುತ್ತದೆ. ನಮ್ಮ ಸರದಿ ಬಂದ ದಿನ ಕಬ್ಬು ಕಡಿದಿರಬೇಕು. ಕಡಿದ ಕಬ್ಬನ್ನು ಹಾಗೇ ಇಡುವಂತಿಲ್ಲ. ಇಲ್ಲಿ ಕಬ್ಬಿನ ರಸವನ್ನು ಹಾಲು ಅಂತಲೇ ಕರೆಯುತ್ತಾರೆ. ಹಾಲಿಗಿಂತ ಅವಸರ ಅದಕ್ಕೆ. ಗಾಣದಿಂದ ಇಳಿದ ಕೆಲವೇ ನಿಮಿಷದಲ್ಲಿ ಬಣ್ಣ ಕಪ್ಪಿಡುತ್ತದೆ. ಕೆಲವು ಗಂಟೆ ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಕುಡಿಯಬೇಕು, ಇಲ್ಲವೇ ಕುದಿಸಬೇಕು.

ಸಂಜೆ ಗದ್ದೆಗೆ ಹೋದಾಗ ಒಂದು ಕಡೆ ಇಂಜಿನ್ನಿನ ಗಾಣ ಸದ್ದು ಮಾಡುತ್ತಿತ್ತು. ಮೊದಲೆಲ್ಲ ಕೋಣ ಕಟ್ಟಿ ತಿರುಗಿಸುತ್ತಿದ್ದರಂತೆ. ಇನ್ನೊಂದು ಕಡೆ ದೊಡ್ಡ ಒಲೆಯ ಮೇಲೆ ಕೊಪ್ಪರಿಗೆ. ಹಿಂಡಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲು. ಅಷ್ಟು ಹೊತ್ತಿಗಾಗಲೇ ಜನ ಬಂದಿದ್ದರು. ಮಲೆನಾಡಿನ ಈ ಕಡೆ ಮನೆಗೆ ಬಂದವರಿಗೆ ಮೊದಲು "ಆಸ್ರಿಗೆ ಎಂತ?" ಅಂತ ಕೇಳುತ್ತಾರೆ. ಬಾಯಾರಿಕೆಗೆ ಏನು ಕೊಡಲಿ ಅಂತ. ಅಂದು ಯಾರೂ ಯಾರನ್ನೂ ಕೇಳಲಿಲ್ಲ. ಬಂದವರೇ ಚೊಂಬು ಹಿಡಿದು ಗಾಣದ ಹತ್ತಿರ ಹೋದರು. ಒಬ್ಬರು ಕಬ್ಬು ಕೊಡಲು ನಿಂತರು. ಒಬ್ಬರು ಲಿಂಬೆ ಹಿಂಡಿದರು, ಇನ್ನೊಬ್ಬರು ಶುಂಠಿ ಜಜ್ಜಿದರು. ನಮ್ಮ ಕಡೆ ನೆಂಟರು ಕೂತಿರಬೇಕು, ನಾವು ಓಡಾಡಬೇಕು. ಇಲ್ಲಿ ನೆಂಟರಿಗೇ ಕೆಲಸ. ನನಗೆ ಅದು ತುಂಬಾ ಇಷ್ಟವಾಯಿತು. ಪರಿಚಯವೇ ಇಲ್ಲದವರ ಜೊತೆ ಈರುಳ್ಳಿ ಹೆಚ್ಚುತ್ತಾ ಕೂತರೆ ಅರ್ಧ ಗಂಟೆಯಲ್ಲಿ ಅವರು ಮನೆಯವರಾಗುತ್ತಾರೆ, ಅಲ್ವಾ?

ಎರಡು ಲೋಟ ಕುಡಿಯುವಷ್ಟರಲ್ಲಿ ನನಗೆ ಸಿಹಿ ಸಾಕಾಯಿತು. ಪಕ್ಕದಲ್ಲಿದ್ದ ದೊಡ್ಡಮ್ಮ ಒಂದು ಅಪ್ಪೆಮಿಡಿ ಉಪ್ಪಿನಕಾಯಿ ಕೈಗಿಟ್ಟರು. ಅದನ್ನು ಸ್ವಲ್ಪ ನೆಕ್ಕಿ, ಖಾರದ ಮಂಡಕ್ಕಿ ಒಂದು ಮುಷ್ಟಿ ತಿಂದರೆ ಮತ್ತೆ ಹಾಲು ಬೇಕು ಅನಿಸುತ್ತದೆ. ಮೆಣಸಿನಕಾಯಿ ಬಜ್ಜಿಯೂ ಇತ್ತು. ಐದು ಲೋಟ ಕುಡಿದೆ.

ಮಕ್ಕಳು ಮಾತ್ರ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಕೈಯಲ್ಲಿ ಬಾಳೆಲೆಯ ತುಂಡು. ರಸ ಗಟ್ಟಿಯಾಗುವಾಗ ಬಂಗಾರದ ಬಣ್ಣದ ನೊರೆ ಏಳುತ್ತದೆ. ಆ ನೊರೆಬೆಲ್ಲ ಬಿಸಿಬಿಸಿಯಾಗಿ ಎಲೆಗೆ ಬೀಳಬೇಕು. ಮಾವ ಆಗಾಗ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಜೋನಿಬೆಲ್ಲಕ್ಕೆ, ಅಂದರೆ ನೀರುಬೆಲ್ಲಕ್ಕೆ, ಸುಮಾರು 105 ಡಿಗ್ರಿ ಶಾಖ ಸಾಕು, ಅಚ್ಚುಬೆಲ್ಲಕ್ಕೆ ಇನ್ನೂ ಹತ್ತು ಡಿಗ್ರಿ ಜಾಸ್ತಿ ಬೇಕು. ಅವರಿಗೆ ಅದೆಲ್ಲ ಬೆರಳಲ್ಲೇ ತಿಳಿಯುತ್ತಿತ್ತು.

ಅತ್ತೆ ನನ್ನನ್ನು ಕರೆದದ್ದು ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವುದಕ್ಕೆ. ತೊಡೆಯುವುದು ಅಂದರೆ ಬಳಿಯುವುದು. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಲ್ಲೇ ನುಣ್ಣಗೆ ರುಬ್ಬಿ, ನೀರಿನಷ್ಟು ತೆಳ್ಳಗೆ ಹಿಟ್ಟು ಮಾಡಿದ್ದರು. ಒಲೆಯ ಮೇಲೆ ಮಣ್ಣಿನ ಮಡಕೆ ಬೋರಲು ಕೂತಿತ್ತು. ಬೆಂಕಿ ಮಡಕೆಯ ಒಳಗೆ, ಅಡುಗೆ ಅದರ ಬೆನ್ನ ಮೇಲೆ. ಎಣ್ಣೆ ಒರೆಸಿ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಹಿಟ್ಟಲ್ಲಿ ಅದ್ದಿ, ಒಂದೇ ಸಲಕ್ಕೆ ಮಡಕೆಯ ಮೇಲೆ ಎಳೆಯಬೇಕು. ಚುರ್ ಅನ್ನುತ್ತದೆ. ಅಂಚು ಏಳುತ್ತಿದ್ದ ಹಾಗೆ ಬಿಡಿಸಿ, ಮಡಿಚಿ, ಮತ್ತೆ ಮಡಿಚಿ ಮೂಲೆ ತೆಗೆಯಬೇಕು. ಸಿಹಿ ಆರಿದ ತಕ್ಷಣ ಅದು ಗರಿಗರಿಯಾಗುತ್ತದೆ. ಒಂದು ಗಳಿಗೆ ತಡವಾದರೆ ಮಡಿಚುವ ಬದಲು ಮುರಿಯುತ್ತದೆ.

ನನ್ನ ಮೊದಲಿನವು ಹರಿದವು. ಕೆಲವು ದಪ್ಪವಾದವು, ಕೆಲವು ಕೈಯಲ್ಲೇ ಪುಡಿಯಾದವು. ಅಷ್ಟು ಜನರ ಎದುರು ಕಣ್ಣಲ್ಲಿ ನೀರು ಬಂತು. ಹೊಗೆಯೂ ಇತ್ತು, ಆದರೆ ಬರೀ ಹೊಗೆಯಲ್ಲ. ಅತ್ತೆ ನನ್ನ ಹಿಂದೆ ಕೂತು ಮುಂಗೈ ಹಿಡಿದರು. "ಅಡ್ಡಿಲ್ಲೆ, ಹೆದ್ರಡ. ಮತ್ತೊಂದ್ಸಲ ತೊಡೆ." ಅವರ ಕೈಯ ವೇಗ ನನ್ನ ಕೈಗೆ ಬಂತು. ನಾನು ನಿಧಾನವಾಗಿ, ಎಚ್ಚರಿಕೆಯಿಂದ ಎಳೆಯುತ್ತಿದ್ದೆ. ತಪ್ಪು ಇದ್ದದ್ದೇ ಅಲ್ಲಿ. ಹನ್ನೆರಡನೆಯದು ಕಾಗದದ ಹಾಗೆ ಎದ್ದು ಬಂತು. ದೀಪಕ್ಕೆ ಹಿಡಿದರೆ ಬೆಳಕು ಕಾಣುತ್ತಿತ್ತು. ಅದನ್ನು ಅತ್ತೆ ಯಾರಿಗೂ ಕೊಡಲಿಲ್ಲ. ಡಬ್ಬಿಯ ತಳದಲ್ಲಿ ಇಟ್ಟು, "ಇದು ನಿನ್ನ ಅಮ್ಮಂಗೆ" ಅಂದರು.

ಈಗ ನಮ್ಮ ಸುತ್ತಮುತ್ತ ಕಬ್ಬು ಬೆಳೆಯುವವರು ಕಡಿಮೆ. ಹಂದಿ, ಮಂಗ ಉಳಿಸುವುದಿಲ್ಲ. ಪೇಟೆಯ ಆಲೆಮನೆ ಹಬ್ಬಗಳಲ್ಲಿ ದುಡ್ಡು ಕೊಟ್ಟರೆ ಹಾಲು ಸಿಗುತ್ತದೆ, ಅದೂ ಒಳ್ಳೆಯದೇ. ಆದರೆ ಅಲ್ಲಿ ನನ್ನ ಕೈಗೆ ಲಿಂಬೆಹಣ್ಣು ಕೊಟ್ಟು ಹಿಂಡು ಅನ್ನುವವರು ಯಾರೂ ಇರುವುದಿಲ್ಲ.

ಮುಂದಿನ ತಿಂಗಳು ಆ ಡಬ್ಬಿ ಹಿಡಿದು ಹಾಸನಕ್ಕೆ ಹೋದೆ. ಬಸ್ಸಿನ ಕುಲುಕಾಟಕ್ಕೆ ಅರ್ಧಕ್ಕರ್ಧ ಮುರಿದಿದ್ದವು. ಅಮ್ಮ ಆ ಚೂರುಗಳನ್ನೇ ಬಟ್ಟಲಿಗೆ ಹಾಕಿಕೊಂಡರು. ಬಿಸಿ ಹಾಲು ಸುರಿದು, ಮೇಲೊಂದು ಚಮಚ ತುಪ್ಪ ಬಿಟ್ಟು ತಿಂದರು. ಮತ್ತೊಮ್ಮೆ ಹಾಕಿಕೊಂಡರು.

"ಬರೋ ವರ್ಷ ನಾನೂ ಬರ್ತೀನಿ ಕಣೇ. ಯಾವತ್ತು ಅಂತ ಮೊದಲೇ ಹೇಳು" ಅಂದರು.

"ಮೊದಲೇ ಗೊತ್ತಾಗಲ್ಲಮ್ಮ. ಸಂಕ್ರಾಂತಿ ಆದ್ಮೇಲೆ ಬ್ಯಾಗ್ ತುಂಬಿ ಇಟ್ಕೊಂಡಿರು" ಅಂದೆ.